ಬ್ಯಾಂಕ್ ರಜೆಯ ಲಬಕ್, ನವಶಿಲಾಯುಗದ ಲಬಕ್: ಇಬ್ಬರೂ ಒಬ್ಬರೇ?

ಪ್ರಶ್ನೆ: ಬ್ರಿಟನ್ನಿನಲ್ಲಿ ‘ಬ್ಯಾಂಕ್ ಹಾಲಿಡೇ’ ಕಾನೂನು ತಂದ ಸಂಸದ ಜಾನ್ ಲಬಕ್ ಹಾಗೂ ಪ್ರಾಗಿತಿಹಾಸದ ಪುಸ್ತಕಗಳಲ್ಲಿ ಉಲ್ಲೇಖವಾಗುವ ಜಾನ್ ಲಬಕ್ ಒಬ್ಬರೇನಾ?

ಉತ್ತರ: ಹೌದು, ಒಬ್ಬರೇ. 1834ರಲ್ಲಿ ಲಂಡನ್ನಿನ ಬ್ಯಾಂಕ್ ಮಾಲೀಕರ ಮನೆತನದಲ್ಲಿ ಹುಟ್ಟಿದ ಲಬಕ್, ಹದಿಹರೆಯದಲ್ಲೇ ಈಟನ್ ಶಾಲೆಯನ್ನು ಬಿಟ್ಟು ತಂದೆಯ ಬ್ಯಾಂಕಿಗೆ ಸೇರಿದರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆದರೆ 1842ರಲ್ಲಿ ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಬಂದು ನೆಲೆಸಿದ ಚಾರ್ಲ್ಸ್ ಡಾರ್ವಿನ್ ಅವರ ನೆರೆಹೊರೆ ದೊರೆತದ್ದರಿಂದ ಬಾಲ್ಯದಲ್ಲೇ ಜೀವಿಗಳನ್ನು ತಾಳ್ಮೆಯಿಂದ ಗಮನಿಸುವ ಅಭ್ಯಾಸ ಬೆಳೆಯಿತು. ಪದವಿಯಿಲ್ಲದ ಇವರೇ 1880ರಿಂದ 1900ರವರೆಗೆ ಲಂಡನ್ ವಿಶ್ವವಿದ್ಯಾಲಯದ ಕ್ಷೇತ್ರವನ್ನು ಸಂಸತ್ತಿನಲ್ಲಿ ಪ್ರತಿನಿಧಿಸಿದರೆಂಬುದು ಸ್ವಾರಸ್ಯ.

ಶಿಲಾಯುಗವನ್ನು, ಚಕ್ಕೆ ಎಬ್ಬಿಸಿ ಮಾಡಿದ ಉಪಕರಣಗಳ ಹಳೆಯ ಘಟ್ಟ ಮತ್ತು ಉಜ್ಜಿ ನಯಗೊಳಿಸಿದ ಉಪಕರಣಗಳ ಹೊಸ ಘಟ್ಟ ಎಂದು ಅವರು ವಿಂಗಡಿಸಿದ್ದು 1865ರ ಗ್ರಂಥದಲ್ಲಿ. ಬಳ್ಳಾರಿ ಬಳಿಯ ಸಂಗನಕಲ್ಲನ್ನು ನಾವು ನವಶಿಲಾಯುಗದ ನೆಲೆ ಎನ್ನುವುದರ ಮೂಲ ಅಲ್ಲಿದೆ.

1870ರಲ್ಲಿ ಮೇಡ್‌ಸ್ಟನ್‌ನಿಂದ ಲಿಬರಲ್ ಸದಸ್ಯರಾಗಿ ಗೆದ್ದ ಮರುವರ್ಷವೇ ರಜೆಯ ಕಾನೂನು ಬಂತು. ನಿಗದಿತ ನಾಲ್ಕು ದಿನಗಳಂದು ಸಂದಾಯವಾಗಬೇಕಾದ ಹುಂಡಿಗಳ ಹಣವನ್ನು ಮರುದಿನ ಪಾವತಿಸಿದರೆ ಸಾಕೆಂಬ ಏರ್ಪಾಡನ್ನು ಯೋಚಿಸಲು ಬ್ಯಾಂಕಿನವರೇ ಬೇಕಿತ್ತೇನೋ! ಬ್ಯಾಂಕ್ ಮುಚ್ಚಿದರೆ ವ್ಯಾಪಾರವೂ ನಿಲ್ಲುತ್ತಿತ್ತು. ಜನರು ಆ ದಿನವನ್ನು ತಮಾಷೆಗೆ ‘ಸಂತ ಲಬಕ್‌ರ ದಿನ’ ಎಂದರು.

ನನ್ನ ದೃಷ್ಟಿಯಲ್ಲಿ ಅವರ ಸ್ವಭಾವ ಸ್ಪಷ್ಟವಾಗಿ ಕಾಣುವುದು ಇರುವೆಗಳ ಪ್ರಯೋಗಗಳಲ್ಲಿ. ಗಾಜಿನ ಹಲಗೆಗಳ ನಡುವೆ ಗೂಡು ಕಟ್ಟಿಸಿ, ಇರುವೆಗಳಿಗೆ ಬಣ್ಣದ ಗುರುತು ಹಚ್ಚಿ ವರ್ಷಗಟ್ಟಲೆ ಗಮನಿಸುತ್ತಿದ್ದರು. ಸ್ವಂತ ಗೂಡಿನವರನ್ನು ಇರುವೆಗಳು ಯಾವುದೋ ಸಂಕೇತದಿಂದ ಗುರುತಿಸುತ್ತವೆಯೇ ಎಂದು ತಿಳಿಯಲು, ಸಂಕೇತ ಕೊಡಲಾಗದಂತೆ ಕೆಲವಕ್ಕೆ ಮದ್ಯದ ಅಮಲೇರಿಸಿ ಗೂಡಿನ ಹತ್ತಿರ ಬಿಟ್ಟರು. ಕಾವಲಿನ ಇರುವೆಗಳು ತಮ್ಮವರಲ್ಲಿ ಹೆಚ್ಚಿನವರನ್ನು ಗೂಡಿಗೆ ಹೊತ್ತೊಯ್ದವು. ಪರಕೀಯರನ್ನು ಬಹುಪಾಲು ನೀರಿಗೆ ಎಸೆದವು. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಅವುಗಳಿಗೆ ತಿಳಿಯುತ್ತದೆಂಬುದನ್ನೂ ಅವರೇ ತೋರಿಸಿಕೊಟ್ಟರು.

ವಿದ್ವತ್ತೂ ರಾಜಕಾರಣವೂ ಕೂಡಿದ್ದು ಪ್ರಾಚೀನ ಸ್ಮಾರಕಗಳ ವಿಷಯದಲ್ಲಿ. ವಿಲ್ಟ್‌ಶೈರಿನ ಏವ್‌ಬರಿಯಲ್ಲಿ ಕಲ್ಲುವೃತ್ತದ ಭೂಮಿ ಮನೆ ನಿವೇಶನಗಳ ಪಾಲಾಗುವಂತಾದಾಗ ಸ್ವಂತ ಹಣದಿಂದ ಖರೀದಿಸಿದರು. 1873ರಿಂದ ಮತ್ತೆಮತ್ತೆ ಮಂಡಿಸಿದ ಸಂರಕ್ಷಣಾ ಮಸೂದೆಗೆ ಆಸ್ತಿ ಹಕ್ಕಿನ ಹೆಸರಿನಲ್ಲಿ ಅಡ್ಡಿ ಬಂದು, 1882ರಲ್ಲಿ ಅಂಗೀಕಾರವಾದದ್ದು ಮಾಲೀಕರ ಒಪ್ಪಿಗೆಯನ್ನೇ ನೆಚ್ಚಿಕೊಂಡ ದುರ್ಬಲ ರೂಪ. 1900ರಲ್ಲಿ ಶ್ರೀಮಂತ ಪದವಿ ದೊರೆತಾಗ ಅವರು ‘ಲಾರ್ಡ್ ಏವ್‌ಬರಿ’ ಎಂಬ ಹೆಸರನ್ನೇ ಆರಿಸಿಕೊಂಡರು. ಆದ್ದರಿಂದ ಅನಂತರದ ಬರಹಗಳಲ್ಲಿ ಲಬಕ್‌ರನ್ನು ಹುಡುಕುವವರು ಈ ಹೆಸರನ್ನೂ ನೋಡಬೇಕು.