ಶಹಾಬಾದಿ ಕಲ್ಲು ಕರಗಿದ ನೀರು ಮತ್ತು ನಮ್ಮ ತಲೆಗೂದಲು

ಕಲಬುರಗಿಯಲ್ಲಿ ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಯಾವ ಮನೆಗೆ ಹೋದರೂ ಬಚ್ಚಲಿನ ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಒಳಮೈಯಲ್ಲಿ, ನೀರು ಕಾಯಿಸುವ ರಾಡಿನ ಸುರುಳಿಯ ಮೇಲೆ ಬೆಳ್ಳಗಿನ ಒರಟು ಹಕ್ಕಳೆ ಕಟ್ಟಿರುವುದು ಕಾಣುತ್ತದೆ. ಅದೇ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ, ಬ್ಯೂಟಿ ಪಾರ್ಲರಿನಿಂದ ಬಂದ ದಿನ ರೇಷ್ಮೆಯಂತೆ ಜಾರುತ್ತಿದ್ದ ಕೂದಲು ಮನೆಯಲ್ಲಿ ನಾಲ್ಕು ಸಲ ತಲೆ ಎರೆದುಕೊಳ್ಳುವಷ್ಟರಲ್ಲಿ ಕತ್ತದ ಹಗ್ಗದಂತಾಗುತ್ತದೆ ಎನ್ನುತ್ತಾರೆ. “ನೀರು ಸವಳು ಅದರೀ, ಏನ್ ಹಚ್ಚಿದ್ರೂ ಅಷ್ಟೇ” ಎಂಬುದು ನಮ್ಮ ಕಡೆ ದಿನವೂ ಕಿವಿಗೆ ಬೀಳುವ ಮಾತು. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಪ್ಪು ತಿಳಿವಳಿಕೆ. ಯಾವುದು ಯಾವುದೆಂದು ಬೇರ್ಪಡಿಸಿ ನೋಡಿದರೆ ಕೂದಲಿಗೆ ಮನೆಯಲ್ಲೇ ಏನು ಮಾಡಬಹುದು, ಯಾವುದಕ್ಕೆ ಸುಮ್ಮನೆ ದುಡ್ಡು ಸುರಿಯುತ್ತಿದ್ದೇವೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ನೀರಿನ ವಿಷಯ. ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿ ಹರಡಿರುವುದು ಸುಣ್ಣದ ಕಲ್ಲು. ನಾವು ಮನೆಯ ನೆಲಕ್ಕೆ ಹಾಸುವ ಫರಸಿಯೂ ಅದೇ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಕಚ್ಚಾ ಸಾಮಗ್ರಿಯೂ ಅದೇ. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಸುಣ್ಣದ ಕಲ್ಲನ್ನು ಮೆಲ್ಲಗೆ ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೋನೇಟನ್ನು ಹೊತ್ತು ಅಂತರ್ಜಲ ಸೇರುತ್ತದೆ. ಉತ್ತರಕ್ಕೆ ಹೋದಂತೆ ಸುಣ್ಣದ ಕಲ್ಲಿನ ಬದಲು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಸಿಗುತ್ತದೆಯಾದರೂ ಅದರ ಖನಿಜಗಳಲ್ಲಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದರಿಂದ ಅಲ್ಲಿನ ಬಾವಿಗಳೂ ಇದರಿಂದ ಪೂರ್ತಿ ಪಾರಾಗಿಲ್ಲ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂನ ಅಳತೆ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದೆ ಹೋದರೆ 600ರ ತನಕ ಒಪ್ಪಬಹುದು. ಸವಳು ಎಂಬ ಪದವನ್ನು ನಾವು ಉಪ್ಪು ನೀರಿಗೂ ಗಡಸು ನೀರಿಗೂ ಒಟ್ಟಾಗಿ ಬಳಸುತ್ತೇವೆ; ರುಚಿಯಲ್ಲಿ ಉಪ್ಪೆನಿಸದ ನೀರೂ ಸಾಕಷ್ಟು ಗಡಸಾಗಿರಬಹುದು. ಮನೆಯಲ್ಲೇ ಪರೀಕ್ಷಿಸುವುದು ಸುಲಭ: ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ ಸೋಪಿನ ನಾಲ್ಕು ಚೂರು ಹಾಕಿ ಜೋರಾಗಿ ಅಲುಗಾಡಿಸಿದಾಗ ನೊರೆ ಏಳುವ ಬದಲು ನೀರು ಮೊಸರಿನಂತೆ ಒಡೆದು ಬಿಳಿ ಚೂರುಗಳು ತೇಲಿದರೆ ಅದು ಗಡಸು ನೀರು. ಬಟ್ಟೆ ಒಗೆಯುವ ಪುಡಿ ಈ ಪರೀಕ್ಷೆಗೆ ಬಾರದು, ಸೋಪೇ ಬೇಕು.

ಆ ಬಿಳಿ ಚೂರುಗಳೇ ಕೂದಲಿನ ಮೊದಲ ಶತ್ರು. ಸೋಪಿನ ಕೊಬ್ಬಿನಾಮ್ಲವು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿದಾಗ ಕರಗದ ಅಂಟು ಜಿಡ್ಡು ಹುಟ್ಟುತ್ತದೆ. ಎಷ್ಟು ತೊಳೆದರೂ ಹೋಗದೆ ಅದು ಎಳೆಎಳೆಗೂ ಮೆತ್ತಿಕೊಂಡು ಹೊಳಪನ್ನು ನುಂಗುತ್ತದೆ. ಮೈಗೆ ಹಚ್ಚುವ ಸೋಪನ್ನೇ ತಲೆಗೂ ಉಜ್ಜುವ ರೂಢಿ ನಮ್ಮ ಗಂಡಸರಲ್ಲಿ ಇನ್ನೂ ಉಳಿದಿದೆ, ಕೂದಲು ಕಡ್ಡಿಯಂತೆ ಸೆಟೆದು ನಿಲ್ಲುವುದಕ್ಕೆ ಅದು ಮುಖ್ಯ ಕಾರಣ. ಶಾಂಪೂಗಳಲ್ಲಿ ಇರುವುದು ಸೋಪಲ್ಲ, ಕೃತಕ ಮಾರ್ಜಕ; ಅದು ಕ್ಯಾಲ್ಸಿಯಂ ಜೊತೆ ಸೇರಿದರೂ ಹೀಗೆ ಒಡೆದು ಗಟ್ಟಿಯಾಗುವುದಿಲ್ಲ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ನೊರೆ ಎಬ್ಬಿಸುವ ಸಪೋನಿನ್‌ಗಳೂ ಸೋಪಿನ ಜಾತಿಗೆ ಸೇರಿದವಲ್ಲ. ಆಮ್ಲ-ಕ್ಷಾರವನ್ನು ಅಳೆಯುವ ಪಿಎಚ್ ಸೋಪಿನ ದ್ರಾವಣದಲ್ಲಿ 9ರಿಂದ 10ರ ಆಸುಪಾಸಿನಲ್ಲಿದ್ದರೆ, ಅಂದರೆ ಅದು ಕ್ಷಾರೀಯವಾಗಿದ್ದರೆ, ಸೀಗೆಯ ನೀರು ತುಸು ಆಮ್ಲೀಯವಾಗಿರುತ್ತದೆ. ಹಾಗಾಗಿ ಸವಳು ನೀರಿನ ಸೀಮೆಯಲ್ಲಿ ಅಜ್ಜಿಯಂದಿರು ಸೀಗೆಯನ್ನು ನಂಬಿದ್ದಕ್ಕೆ ರಸಾಯನಶಾಸ್ತ್ರದ ಬೆಂಬಲವಿದೆ. ಆದರೆ ತರಿತರಿಯಾಗಿ ಕುಟ್ಟಿದ ಪುಡಿಯನ್ನು ಕೂದಲಿಗೆ ಉಜ್ಜಿದರೆ ಮರಳುಕಾಗದದಿಂದ ತಿಕ್ಕಿದಂತಾಗುತ್ತದೆ. ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸುವುದೇ ಸರಿ.

ತಿಕ್ಕಿದರೆ ಏಕೆ ಕೆಡುತ್ತದೆ ಎಂದು ತಿಳಿಯಲು ಒಂದು ಎಳೆಯ ರಚನೆಯನ್ನು ನೋಡಬೇಕು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ದಾರ. ಅದರ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಒಳಗಿನ ಗಟ್ಟಿ ತಿರುಳನ್ನು ಕಾರ್ಟೆಕ್ಸ್ ಎನ್ನುತ್ತಾರೆ, ಬಲವೂ ಬಣ್ಣವೂ ಅಲ್ಲಿವೆ. ಅದರ ಸುತ್ತ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿದ ಕ್ಯೂಟಿಕಲ್ ಪದರಗಳಿವೆ, ಬುಡದ ಬಳಿ ಐದರಿಂದ ಹತ್ತು. ಈ ಹುರುಪೆಗಳು ಒಪ್ಪವಾಗಿ ಮಲಗಿದ್ದರೆ ಬೆಳಕು ಕನ್ನಡಿಯಿಂದ ಮರಳಿದಂತೆ ಮರಳಿ ಕೂದಲು ಮಿರುಗುತ್ತದೆ. ಎದ್ದು ನಿಂತರೆ ಬೆಳಕು ಚೆದುರುತ್ತದೆ, ಎಳೆಗೆ ಎಳೆ ಸಿಕ್ಕಿಕೊಂಡು ಸಿಕ್ಕುಗಟ್ಟುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದ ತನಕ ಇಳಿದ 60 ಸೆಂಟಿಮೀಟರಿನ ಹೆರಳಿನ ತುದಿ ಹುಟ್ಟಿ ಐದು ವರ್ಷವಾಗಿರುತ್ತದೆ. ಅದು ಕಲಬುರಗಿಯ ಐದು ಬೇಸಿಗೆಗಳನ್ನೂ ನೂರಾರು ಸ್ನಾನಗಳನ್ನೂ ಕಂಡಿರುತ್ತದೆ. ಬುಡದ ಕೂದಲು ನಯವಾಗಿದ್ದು ತುದಿ ಒರಟಾಗಿರುವುದು ವಯಸ್ಸಿನ ವ್ಯತ್ಯಾಸವೇ ಹೊರತು ರೋಗವಲ್ಲ. ಸತ್ತ ದಾರ ತಾನಾಗಿ ಗಾಯ ಮಾಯಿಸಿಕೊಳ್ಳಲಾರದು. “ಒಳಗಿನಿಂದ ಪೋಷಿಸುವ” ಶಾಂಪೂವಿನ ಜಾಹೀರಾತನ್ನು ನೋಡುವಾಗ ಈ ಒಂದು ಸಂಗತಿ ನೆನಪಿನಲ್ಲಿದ್ದರೆ ಸಾಕು.

ಕ್ಯಾಲ್ಸಿಯಂ ಕೂದಲಿಗೆ ಅಂಟುವ ಬಗೆ ಸ್ವಾರಸ್ಯಕರವಾಗಿದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಧನ ವಿದ್ಯುದಂಶವನ್ನು ಹೊತ್ತಿರುತ್ತದೆ. ಹಾನಿಗೊಂಡ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶದ ತಾಣಗಳು ಹೆಚ್ಚಿರುತ್ತವೆ. ಬಣ್ಣ ಹಾಕಿಸಿಕೊಂಡ, ಬ್ಲೀಚ್ ಮಾಡಿಸಿಕೊಂಡ ಕೂದಲು ಸಹಜ ಕೂದಲಿಗಿಂತ ಹೆಚ್ಚು ಕ್ಯಾಲ್ಸಿಯಂ ಹೀರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಪಾರ್ಲರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹೈಲೈಟ್ ಮಾಡಿಸಿಕೊಂಡವರ ಕೂದಲೇ ಬೋರ್‌ವೆಲ್ ನೀರಿಗೆ ಬೇಗ ಸೋಲುವ ಗುಟ್ಟು ಇದು. ಕಂಡೀಷನರ್ ಕೂಡ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ: ಅದರ ಅಣುಗಳು ಧನ ವಿದ್ಯುದಂಶ ಹೊತ್ತಿರುವುದರಿಂದ ಎಲ್ಲಿ ಹೆಚ್ಚು ಹಾನಿಯಾಗಿದೆಯೋ ಅಲ್ಲಿಯೇ ಹೆಚ್ಚು ಅಂಟಿ, ತಮ್ಮ ಜಿಡ್ಡಿನ ಬಾಲವನ್ನು ಹೊರಚಾಚಿ, ಎಳೆಗಳ ನಡುವಿನ ತಿಕ್ಕಾಟವನ್ನು ತಗ್ಗಿಸುತ್ತವೆ. ಅದನ್ನು ಬುಡಕ್ಕಲ್ಲ, ಕಿವಿಯಿಂದ ಕೆಳಗಿನ ಕೂದಲಿಗೆ ಹಚ್ಚಬೇಕು.

ಇನ್ನು ತಪ್ಪು ತಿಳಿವಳಿಕೆಯ ಅರ್ಧ. ಸವಳು ನೀರಿನಿಂದ ಕೂದಲು ಬುಡಸಮೇತ ಉದುರಿ ತಲೆ ಬೋಳಾಗುತ್ತದೆ ಎಂದು ನಂಬಿ ಮನೆ ಬದಲಿಸಿದವರನ್ನು ನಾನು ಬಲ್ಲೆ. ಕೂದಲು ಹುಟ್ಟುವ ಕೋಶ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿ, ರಕ್ತದ ಆಸರೆಯಲ್ಲಿ ಇರುತ್ತದೆ. ಮಗ್ಗಿನಿಂದ ಸುರಿದ ನೀರಿನ ಸುಣ್ಣ ಅಲ್ಲಿಗೆ ಇಳಿಯುವುದಿಲ್ಲ. ಎಳೆಯ ಬಲ ಕುಗ್ಗುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ: 2013ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನಕ್ಕೆ ಗಡಸು ನೀರಿನಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ, 2018ರಲ್ಲಿ ಪಾಕಿಸ್ತಾನದಿಂದ ಬಂದ ಇನ್ನೊಂದಕ್ಕೆ ಬಲ ಕುಗ್ಗಿದ್ದು ಕಂಡಿತು. ನನ್ನ ಲೆಕ್ಕದಲ್ಲಿ ನೀರು ಕೂದಲನ್ನು ಒರಟು ಮಾಡುತ್ತದೆ, ಆ ಒರಟು ಕೂದಲನ್ನು ನಾವು ಹಣಿಗೆಯಿಂದ ಜಗ್ಗಿ ಮುರಿಯುತ್ತೇವೆ. ನಿಮ್ಮದು ಉದುರಿದ್ದೋ ಮುರಿದಿದ್ದೋ ಎಂದು ತಿಳಿಯಲು ಹಣಿಗೆಗೆ ಸಿಕ್ಕ ಎಳೆಯನ್ನು ಬಿಳಿ ಕಾಗದಕ್ಕೂ ಕರಿ ಬಟ್ಟೆಗೂ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟಿದ್ದರೆ ಅದು ಆಯುಸ್ಸು ಮುಗಿಸಿ ಉದುರಿದ ಕೂದಲು. ಗಂಟಿಲ್ಲದೆ ತುಂಡಾಗಿದ್ದರೆ ಮುರಿದದ್ದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಮೂರು ದಿನಕ್ಕೊಮ್ಮೆ ತಲೆ ಎರೆದುಕೊಳ್ಳುವವರಿಗೆ ಬಚ್ಚಲಿನ ಜಾಳಿಗೆಯಲ್ಲಿ ಮೂರು ದಿನದ ಲೆಕ್ಕ ಒಟ್ಟಿಗೇ ಕಾಣಿಸಿ ಎದೆ ಧಸಕ್ಕೆನ್ನುತ್ತದೆ, ಅಷ್ಟೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಇಡೀ ಸ್ನಾನಕ್ಕೆ ಸಿಹಿ ನೀರು ಹೊಂದಿಸುವುದು ಬೇಸಿಗೆಯಲ್ಲಿ ಆಗದ ಮಾತು; ಆದರೆ ಕೊನೆಯ ಎರಡು ಮಗ್ಗು ಸಾಕು. ಭೀಮಾ ನದಿ ಅಥವಾ ಬೆಣ್ಣೆತೊರೆಯಿಂದ ಬರುವ ನಗರದ ನಲ್ಲಿ ನೀರು, ಶುದ್ಧ ನೀರಿನ ಘಟಕದಿಂದ ತಂದ ನೀರು, ಇಲ್ಲವೇ ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದ ನೀರು, ಯಾವುದಾದರೂ ಆದೀತು. ಬೋರ್ ನೀರನ್ನೇ ಚೆನ್ನಾಗಿ ಕುದಿಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೂ ಗಡಸುತನದ ಒಂದು ಪಾಲು ತಳದಲ್ಲಿ ಕೂತಿರುತ್ತದೆ. ರಾಡಿನ ಮೇಲಿನ ಹಕ್ಕಳೆ ಹೀಗೆ ಕೂತ ಸುಣ್ಣವೇ. ಆದರೆ ಮನೆಯ ಫಿಲ್ಟರ್ ಹೊರಗೆ ಬಿಡುವ ನೀರನ್ನು ಉಳಿತಾಯವೆಂದು ಹಿಡಿದಿಟ್ಟು ತಲೆಗೆ ಸುರಿದುಕೊಳ್ಳಬೇಡಿ. ಬೇರ್ಪಟ್ಟ ಲವಣವೆಲ್ಲ ಸೇರಿದ ಅದು ಮೂಲ ನೀರಿಗಿಂತ ಗಡಸು, ನೆಲ ಒರೆಸಲು ಸರಿ. ತಿಂಗಳಿಗೆ ಒಂದೆರಡು ಸಲ, ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಶಾಂಪೂವಿನ ನಂತರ ಕೂದಲಿಗೆ ಹಾಯಿಸಿ ತೊಳೆದರೆ, ಅದರ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಮನ್ನು ಸಡಿಲಿಸಿ ಹುರುಪೆಗಳನ್ನು ಮಲಗಿಸುತ್ತದೆ. ನಿಂಬೆಯನ್ನು ಹಾಗೆಯೇ ನೆತ್ತಿಗೆ ಉಜ್ಜಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುವ ಅಪಾಯವಿದೆ. ಶಾಂಪೂ ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ ಇಡಿಟಿಎ ಎಂಬ ಹೆಸರಿದೆಯೇ ನೋಡಿ, ಕ್ಯಾಲ್ಸಿಯಮನ್ನು ಹಿಡಿದು ಹೊರಗೊಯ್ಯುವ ವಸ್ತು ಅದು.

ಎಣ್ಣೆಯ ವಿಷಯದಲ್ಲಿ ನಮ್ಮ ಭಾಗದ್ದೇ ಒಂದು ಪ್ರಶ್ನೆಯಿದೆ: ನಮ್ಮ ಹೊಲದ ಕುಸುಬಿ ಎಣ್ಣೆ ಇರುವಾಗ ಕರಾವಳಿಯ ಕೊಬ್ಬರಿ ಎಣ್ಣೆ ಏಕೆ? ಅಡುಗೆಗೆ ಕುಸುಬಿ ಒಳ್ಳೆಯದೇ, ಆದರೆ ಕೂದಲಿಗೆ ಕೊಬ್ಬರಿಯದೇ ಮೇಲುಗೈ. ಅದರಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದುದು. ಹುರುಪೆಗಳ ಸಂದಿಯಿಂದ ಒಳಗಿಳಿಯುತ್ತದೆ. ಕುಸುಬಿ, ಸೂರ್ಯಕಾಂತಿ ಎಣ್ಣೆಗಳ ಲಿನೋಲಿಯಿಕ್ ಆಮ್ಲದ ಅಣು ಉದ್ದವೂ ಡೊಂಕೂ ಆಗಿರುವುದರಿಂದ ಹೆಚ್ಚಾಗಿ ಮೇಲೆಯೇ ಉಳಿಯುತ್ತದೆ. ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೊಳೆಯುವಾಗಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ತಲೆ ಎರೆದುಕೊಳ್ಳುವ ಮುಂಚೆ ಎಣ್ಣೆ ಹಚ್ಚುವ ಪದ್ಧತಿಯ ತಿರುಳು ಇಲ್ಲಿದೆ: ಒದ್ದೆಯಾದ ಕೂದಲು ತನ್ನ ತೂಕದ ಸುಮಾರು 30% ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಈ ಉಬ್ಬರವಿಳಿತದಲ್ಲಿ ಹುರುಪೆಗಳು ಎದ್ದು ಮುರಿಯುತ್ತವೆ, ಒಳಗಿಳಿದ ಎಣ್ಣೆ ಆ ಉಬ್ಬನ್ನು ತಡೆಯುತ್ತದೆ. ಹೊಟ್ಟು ಇರುವವರು ಮಾತ್ರ ನೆತ್ತಿಯನ್ನು ಬಿಟ್ಟು ಉದ್ದಕ್ಕಷ್ಟೇ ಹಚ್ಚಬೇಕು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಕೊಬ್ಬೇ ಆಹಾರ, ಎಣ್ಣೆ ಸುರಿಯುವುದೆಂದರೆ ಅದಕ್ಕೆ ಊಟ ಬಡಿಸಿದಂತೆ.

ಒದ್ದೆ ಕೂದಲನ್ನು ಟವೆಲಿನಲ್ಲಿ ಹಿಂಡಿ, ಬೆನ್ನ ಮೇಲೆ ಚಟಚಟ ಬಡಿದು ಒಣಗಿಸುವ ರೂಢಿಯನ್ನು ಬಿಟ್ಟು, ಹಳೆಯ ಹತ್ತಿ ಧೋತರದ ತುಂಡಿನಿಂದ ಒತ್ತಿ ನೀರು ತೆಗೆಯುವುದು ಮೇಲು. ಅಗಲ ಹಲ್ಲಿನ ಹಣಿಗೆಯನ್ನು ಮೊದಲು ತುದಿಗೆ, ಆಮೇಲೆ ನಡುವಿಗೆ, ಕೊನೆಗೆ ಬುಡಕ್ಕೆ ಹಾಕಬೇಕು. ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಇಟ್ಟರೆ ಒಳಗಿನ ನೀರು ಕ್ಷಣದಲ್ಲಿ ಹಬೆಯಾಗಿ ತಿರುಳಿನೊಳಗೆ ಗುಳ್ಳೆಗಳೇಳುತ್ತವೆ, ಅಲ್ಲಿಂದಲೇ ಎಳೆ ತುಂಡಾಗುತ್ತದೆ. ಮೇ ತಿಂಗಳ 43 ಡಿಗ್ರಿಯ ಬಿಸಿಲಿನಲ್ಲಿ ಸೂಪರ್ ಮಾರ್ಕೆಟ್ಟಿಗೆ ಹೊರಡುವವರು ತಲೆ ಮೇಲೆ ಸೆರಗನ್ನೋ ದಸ್ತಿಯನ್ನೋ ಹಾಕಿಕೊಳ್ಳುವುದು ನೆತ್ತಿಗಷ್ಟೇ ಅಲ್ಲ, ಕೂದಲಿಗೂ ರಕ್ಷೆ. ಅತಿನೇರಳೆ ಕಿರಣಗಳು ಕೆರಾಟಿನ್ನಿನ ಬಂಧಗಳನ್ನು ಮುರಿದು ಬಣ್ಣವನ್ನೂ ಮಾಸಿಸುತ್ತವೆ.

ಕಾಳಿ ಮೆಹಂದಿಯ ಬಗ್ಗೆ ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಅಪ್ಪಟ ಮೆಹಂದಿ ಸೊಪ್ಪು ಕೊಡುವುದು ಕೆಂಗಂದು ಬಣ್ಣವನ್ನು ಮಾತ್ರ. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಕಡುಕಪ್ಪು ಬಂದರೆ ಅದರಲ್ಲಿ ಸಾಮಾನ್ಯವಾಗಿ ಕೃತಕ ಬಣ್ಣದ ರಾಸಾಯನಿಕವಾದ ಪ್ಯಾರಾಫಿನಿಲೀನ್‌ಡೈಅಮೈನ್ ಇರುತ್ತದೆ. ಕೆಲವರಿಗೆ ಅದು ಮುಖ ಊದಿಕೊಳ್ಳುವಷ್ಟು ಅಲರ್ಜಿ ತರುತ್ತದೆ. ಹತ್ತು ಸಲ ಏನೂ ಆಗದವರಿಗೆ ಹನ್ನೊಂದನೆಯ ಸಲ ಆಗಬಹುದು. ಪ್ರತಿ ಸಲವೂ ಮೊಣಕೈಯ ಒಳಮಗ್ಗುಲಿಗೆ ಚೂರು ಹಚ್ಚಿ 48 ಗಂಟೆ ಕಾಯಬೇಕು. ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರವಾಗುವುದರಿಂದ ಮಕ್ಕಳ ಕೈಗೆ ಎಟುಕುವಲ್ಲಿ ಇಡಬಾರದು.

ಬಿಳಿ ಗಂಟಿನ ಕೂದಲೇ ಮುಷ್ಟಿಮುಷ್ಟಿ ಬರುತ್ತಿದ್ದರೆ ನೀರನ್ನು ಬಿಟ್ಟು ಎರಡು ಮೂರು ತಿಂಗಳ ಹಿಂದಕ್ಕೆ ನೋಡಬೇಕು. ಡೆಂಗ್ಯೂ, ಟೈಫಾಯ್ಡಿನಂಥ ಜ್ವರ, ಹೆರಿಗೆ, ಏಕಾಏಕಿ ಊಟ ಬಿಟ್ಟದ್ದು, ಇವುಗಳಿಂದ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಸುಮಾರು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಹೆಚ್ಚಿನವರಿಗೆ ಅವು ಮರಳಿ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇತ್ತು, ಕಬ್ಬಿಣದ ಕೊರತೆಯೂ ಕೂದಲುದುರುವುದಕ್ಕೆ ಕಾರಣವಾಗಬಹುದು. ತೊಗರಿಯ ಕಣಜವೆನಿಸಿದ ನಾಡಿನಲ್ಲಿ ಪ್ರೋಟೀನಿಗೆ ಬರವಿಲ್ಲ, ರೊಟ್ಟಿಯ ಜೊತೆ ಬೇಳೆಯ ಪಾಲು ಹೆಚ್ಚಿಸಿಕೊಂಡರಾಯಿತು. ಕಬ್ಬಿಣಕ್ಕೆ ಮಾತ್ರ ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟೇ ಗುಳಿಗೆ ತೆಗೆದುಕೊಳ್ಳಬೇಕು. ನಾಣ್ಯದಗಲ ಬೋಳಾದರೆ, ನೆತ್ತಿಯಲ್ಲಿ ಕೀವು, ಉರಿ ಇದ್ದರೆ ಪಾರ್ಲರಿಗಲ್ಲ, ಚರ್ಮರೋಗ ತಜ್ಞರ ಬಳಿಗೆ ಹೋಗುವುದು.

ಸೀಳಿದ ತುದಿಗೆ ಕತ್ತರಿಯೊಂದೇ ಮದ್ದು. ಸೀರಮ್ ಹಚ್ಚಿದರೆ ಮುಂದಿನ ಸ್ನಾನದ ತನಕ ಅಂಟಿಕೊಂಡಂತೆ ಕಾಣುತ್ತದೆ. ಹಾಗೆಯೇ ಬಿಟ್ಟರೆ ಸೀಳು ಮೇಲಕ್ಕೇರುತ್ತದೆ. ಮೂರು ತಿಂಗಳಿಗೆ ಮೂರು ಸೆಂಟಿಮೀಟರ್ ಬೆಳೆಯುವ ಕೂದಲಿನಲ್ಲಿ ಒಂದನ್ನು ಕತ್ತರಿಸಿದರೂ ಎರಡು ಉಳಿಯುತ್ತದೆ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬುದು ಸುಳ್ಳು, ಬುಡಕ್ಕೆ ತುದಿಯ ಸುದ್ದಿ ತಲುಪುವ ದಾರಿಯೇ ಇಲ್ಲ. ಆದರೆ ಮುರಿಯುವುದು ನಿಲ್ಲುವುದರಿಂದ ಬೆಳೆದದ್ದು ಬೆಳೆದಂತೆ ಉಳಿದು, ವರ್ಷದ ಕೊನೆಗೆ ಹೆರಳು ಎಂಟು ಸೆಂಟಿಮೀಟರ್ ಉದ್ದವಾಗಿರುತ್ತದೆ.