ನಿಷ್ಠುರ ಅಂದರೆ ಕ್ರೂರವೇ?

ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಮರಾಠಿ ಕಾಕುಗೆ, ಅಂದರೆ ಚಿಕ್ಕಮ್ಮನಂಥವರಿಗೆ, ಅಪ್ಪನ ವಿಷಯ ಹೇಳುತ್ತಿದ್ದೆ. ‘ಮಾಝೇ ವಡೀಲ್ ಖೂಪ್ ನಿಷ್ಠುರ್ ಹೋತೇ’, ನಮ್ಮಪ್ಪ ತುಂಬಾ ನಿಷ್ಠುರ ಇದ್ದರು ಎಂದೆ. ಹೆಮ್ಮೆಯಿಂದಲೇ ಹೇಳಿದ ಮಾತು. ಚಹಾ ಸೋಸುತ್ತಿದ್ದ ಕಾಕು ಪಾತ್ರೆ ಕೆಳಗಿಟ್ಟು ಬಂದು ನನ್ನ ಬೆನ್ನು ಸವರಿದರು. ‘ಮಾರಾಯಚೇ ಕಾ?’ ಹೊಡೀತಿದ್ರಾ ಅಂತ ಮೆಲ್ಲಗೆ ಕೇಳಿದರು.

ಮರಾಠಿಯಲ್ಲಿ ನಿಷ್ಠುರ ಎಂದರೆ ಎದೆಯಲ್ಲಿ ಮರುಕವೇ ಇಲ್ಲದವರು. ಸಂಸ್ಕೃತದಲ್ಲಿ ಈ ಪದಕ್ಕೆ ಗಟ್ಟಿ, ಒರಟು, ಕ್ರೂರ ಎಂಬ ಅರ್ಥಗಳಿವೆ. ಮರಾಠಿ ಅದನ್ನು ಹಾಗೇ ಉಳಿಸಿಕೊಂಡಿತು. ಕನ್ನಡದ ಬಳಕೆ ಬೇರೆ ದಾರಿ ಹಿಡಿಯಿತು. ನಮ್ಮಲ್ಲಿ ನಿಷ್ಠುರವಾದಿ ಎಂದರೆ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವರು. ‘ಸುಮ್ನೆ ಯಾಕೆ ನಿಷ್ಠುರ ಕಟ್ಟಿಕೊಳ್ತೀಯಾ’ ಅಂದರೆ ಅಲ್ಲಿರುವುದು ಮನಸ್ತಾಪದ ಭಯ, ಅಷ್ಟೇ. ಸಾಲ ಕೊಡುವಾಗ, ಪಾಲುದಾರಿಕೆ ಮಾಡುವಾಗ ಹಿರಿಯರು ‘ಅಂತ್ಯ ನಿಷ್ಠುರಕ್ಕಿಂತ ಆದಿ ನಿಷ್ಠುರ ಲೇಸು’ ಅನ್ನುತ್ತಾರಲ್ವಾ? ಅದರಲ್ಲಿ ಕ್ರೌರ್ಯದ ಸುಳಿವೂ ಇಲ್ಲ.

ಕರುಣೆ ಇಲ್ಲದ್ದನ್ನು ಹೇಳಲು ನಮಗಿರುವ ಪದ ನಿರ್ದಯ. ದಯೆ ನಮ್ಮ ನಾಲಿಗೆಗೆ ಹಳೆಯದು. 12ನೇ ಶತಮಾನದಲ್ಲೇ ಬಸವಣ್ಣ ದಯವೇ ಧರ್ಮದ ಮೂಲ ಎಂದರು. ಇವತ್ತಿಗೂ ‘ದಯವಿಟ್ಟು’ ಇಲ್ಲದೆ ನಾವು ಒಂದು ಅರ್ಜಿ ಬರೆಯುವುದಿಲ್ಲ. ಹಾಗಾಗಿ ನಿರ್ದಯ ಅಂದಾಗ ಇಲ್ಲದ್ದು ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ರೂತ್‌ಲೆಸ್‌ಗೆ ಆ ಭಾಗ್ಯವಿಲ್ಲ. ಮರುಕ ಎಂಬ ಅರ್ಥದ ರೂತ್ ಹೆಚ್ಚುಕಡಿಮೆ ಬಳಕೆ ತಪ್ಪಿದೆ. ಅದಕ್ಕೇ ಇರಬೇಕು, ರೂತ್‌ಲೆಸ್ ಗೆಲ್ಲುವ ತಂಡಕ್ಕೆ ಹೊಗಳಿಕೆಯೂ ಆಗಿಬಿಟ್ಟಿದೆ. ವಾಂಖೆಡೆಯ ಪಂದ್ಯದ ಬಗ್ಗೆ ಬರೆಯುವಾಗ ನಾವೂ ‘ಬೌಲರ್‌ಗಳನ್ನು ನಿರ್ದಯವಾಗಿ ದಂಡಿಸಿದರು’ ಅನ್ನುತ್ತೇವೆ. ಆಟದಲ್ಲಿ ಅದು ನಡೆಯುತ್ತದೆ.

ನನಗೆ ನೋವಾಗುವುದು ನಿರ್ದಾಕ್ಷಿಣ್ಯ ಎಂಬ ಪದವನ್ನು ತಪ್ಪು ಜಾಗದಲ್ಲಿ ಕಂಡಾಗ. ದಾಕ್ಷಿಣ್ಯ ಎಂದರೆ ಮುಖ ನೋಡಿ ಬಿಟ್ಟುಕೊಡುವುದು. ಲಂಚ ತಿಂದವನ ಮೇಲೆ ನಿರ್ದಾಕ್ಷಿಣ್ಯ ಕ್ರಮ ಅಂದರೆ ಸರಿ. ಅವನು ಯಾರ ಅಳಿಯನಾದರೂ ಬಿಡುವುದಿಲ್ಲ ಎಂದು ಅರ್ಥ. ಆದರೆ ‘ಗುಡಿಸಲುಗಳ ನಿರ್ದಾಕ್ಷಿಣ್ಯ ತೆರವು’ ಎಂದು ಬರೆದರೆ?

1981ರ ಜುಲೈ. ಸುರಿವ ಮಳೆಗಾಲ. ಮುಂಬಯಿಯ ಫುಟ್‌ಪಾತ್‌ಗಳಲ್ಲಿ ಬದುಕುತ್ತಿದ್ದವರನ್ನು ಎಬ್ಬಿಸಿ ಊರಾಚೆ ಕಳಿಸಲು ಸರ್ಕಾರ ಹೊರಟಿತು. ಅಲ್ಲಿನ ನಿವಾಸಿಗಳೂ ಪತ್ರಕರ್ತೆ ಓಲ್ಗಾ ಟೆಲಿಸ್ ಅವರೂ ಕೋರ್ಟಿಗೆ ಹೋದರು. 1985ರ ಜುಲೈನಲ್ಲಿ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದಿತು ಸುಪ್ರೀಂ ಕೋರ್ಟ್. ತೆರವನ್ನು ಪೂರ್ತಿ ತಡೆಯಲಿಲ್ಲ, ನಿಜ. ಆದರೆ ಮಳೆಯಲ್ಲಿ ಎಬ್ಬಿಸಬೇಡಿ, ಅಕ್ಟೋಬರ್ 31ರವರೆಗೆ ಕಾಯಿರಿ ಎಂದು ಹೇಳಿತು.

1981ರ ಆ ಸುದ್ದಿಯನ್ನು ಇವತ್ತು ಬರೆಯಬೇಕಾದರೆ ನಾನು ನಿರ್ದಯ ಎಂದೇ ಬರೆಯುತ್ತೇನೆ. ನಿರ್ದಾಕ್ಷಿಣ್ಯ ಅನ್ನಲು ಆ ತಾಡಪತ್ರಿಗಳ ಕೆಳಗೆ ಯಾರ ಅಳಿಯನೂ ಇರಲಿಲ್ಲ.