ಇಪ್ಪತ್ತರ ಹೆಚ್ಚಳ, ಅರವತ್ತರ ಡಿಕ್ಕಿ

ಒಂದೇ ತಿರುವಿನಲ್ಲಿ ಎರಡು ಮೂರು ಸಾವುಗಳಾದರೆ ಆ ಜಾಗಕ್ಕೆ ದೋಷವಿದೆಯೆಂದು ಶಾಂತಿ ಮಾಡಿಸುತ್ತೇವೆ, ಹೊಸ ವಾಹನದ ಗಾಲಿಯಡಿ ನಿಂಬೆಹಣ್ಣು ಇಡುತ್ತೇವೆ, ಬದುಕಿ ಬಂದರೆ ಗ್ರಹಚಾರ ಕಳೆಯಿತೆನ್ನುತ್ತೇವೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಈ ಸಾವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವು ಅತಿವೇಗದ ಲೆಕ್ಕಕ್ಕೆ ಸೇರಿವೆ. ಆ ವೇಗವನ್ನು ನಿರ್ಧರಿಸುವುದು ಯಾವ ಗ್ರಹವೂ ಅಲ್ಲ, ಚಾಲಕನ ಬಲಗಾಲು.

ಎರಡು ಕಾರುಗಳು ಅಕ್ಕಪಕ್ಕದಲ್ಲಿ ಸಾಗುತ್ತಿವೆಯೆಂದು ಭಾವಿಸೋಣ, ಒಂದರ ವೇಗ ಗಂಟೆಗೆ 60 ಕಿಲೋಮೀಟರ್, ಇನ್ನೊಂದರದು 80. ಮುಂದೆ 37 ಮೀಟರ್ ದೂರದಲ್ಲಿ ದನವೊಂದು ರಸ್ತೆಗೆ ಬರುತ್ತದೆ. ಕಣ್ಣು ಕಂಡದ್ದಕ್ಕೆ ಕಾಲು ಸ್ಪಂದಿಸಲು ಇಬ್ಬರಿಗೂ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಮೊದಲನೆಯ ಕಾರು ಸುಮಾರು 17 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಅದನ್ನು ಇನ್ನು 20 ಮೀಟರಿನೊಳಗೆ, ದನದ ಮುಂದೆಯೇ ನಿಲ್ಲಿಸುತ್ತದೆ. ಎರಡನೆಯದು ದನಕ್ಕೆ ಡಿಕ್ಕಿ ಹೊಡೆಯುತ್ತದೆ. ಎಷ್ಟು ವೇಗದಲ್ಲಿ? ಹೆಚ್ಚಿದ್ದುದು 20, ಆದ್ದರಿಂದ ಡಿಕ್ಕಿಯೂ 20ರ ವೇಗದಲ್ಲೇ ಆದೀತೆಂದು ಮನಸ್ಸು ಹೇಳುತ್ತದೆ. ನಿಜವಾದ ಉತ್ತರ ಸುಮಾರು 60.

ಇದನ್ನು ಯಾರಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಮೊದಲ ಕಾರಿನ ಶಕ್ತಿ 3600 ಪಾಲು, ಎರಡನೆಯದರದು 6400 ಪಾಲು. ಬ್ರೇಕು ಪ್ರತಿ ಮೀಟರಿಗೂ ಒಂದೇ ಪ್ರಮಾಣದಲ್ಲಿ ಶಕ್ತಿಯನ್ನು ಹೀರುತ್ತದೆ; 3600 ಪಾಲನ್ನು 20 ಮೀಟರಿನಲ್ಲಿ ಹೀರಿದರೆ ಮೀಟರಿಗೆ 180. ಎರಡನೆಯ ಕಾರು ಆ ಒಂದು ಸೆಕೆಂಡಿನಲ್ಲೇ 22 ಮೀಟರ್ ಕಳೆದುಕೊಂಡಿದೆ, ಉಳಿದದ್ದು 15. ಹದಿನೈದು ಮೀಟರಿನಲ್ಲಿ ಕರಗುವುದು 2700 ಪಾಲು, ಉಳಿಯುವುದು 3700, ಅದರ ವರ್ಗಮೂಲ 60ಕ್ಕಿಂತ ತುಸು ಹೆಚ್ಚು. ಬೇರೆ ಬಗೆಯಲ್ಲಿ ಹೇಳಿದರೆ, ಆ ಡಿಕ್ಕಿ ನಾಲ್ಕಂತಸ್ತಿನ ಕಟ್ಟಡದ ತಾರಸಿಯಿಂದ ನೆಲಕ್ಕೆ ಬಿದ್ದಷ್ಟೇ ಬಲವಾದದ್ದು.

ಈ ವರ್ಗದ ನಿಯಮ ಸುಲಭವಾಗಿ ಒಪ್ಪಿಗೆ ಪಡೆದದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ನ್ಯೂಟನ್ನನ ಅನುಯಾಯಿಗಳು ಚಲನೆಯ ಬಲವನ್ನು ವೇಗದಿಂದಲೇ ಅಳೆಯಬೇಕೆಂದರೆ, ಜರ್ಮನ್ ಗಣಿತಜ್ಞ ಲೈಬ್ನಿಟ್ಸನ ಪಕ್ಷದವರು ವೇಗದ ವರ್ಗದಿಂದ ಅಳೆಯಬೇಕೆಂದು ವಾದಿಸುತ್ತಿದ್ದರು. ಡಚ್ ವಿಜ್ಞಾನಿ ವಿಲ್ಲೆಮ್ ಸ್ ಗ್ರಾವೆಸಾಂಡ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಇಮ್ಮಡಿ ವೇಗದ ಗುಂಡು ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದ ಎಮಿಲಿ ದು ಶಾತ್ಲೆಯೇ ಈ ಪ್ರಯೋಗದ ಮಹತ್ವವನ್ನು ಗುರುತಿಸಿ ವರ್ಗದ ಪರ ನಿಂತಳೆಂಬುದು ನನಗೆ ವಿಜ್ಞಾನದ ಇತಿಹಾಸದಲ್ಲಿ ಬಹಳ ಪ್ರಿಯವಾದ ಸಂಗತಿ.

ಮೊಬೈಲಿನ ಕಡೆ ಕಣ್ಣು ಹಾಯಿಸಿದ ಚಾಲಕನಿಗೆ ಸ್ಪಂದಿಸಲು ಒಂದರ ಬದಲು ಎರಡು ಸೆಕೆಂಡು ಹಿಡಿಯಿತೆನ್ನಿ. ಆಗ 80ರಲ್ಲಿದ್ದವನು ಬ್ರೇಕನ್ನು ಮುಟ್ಟುವ ಮೊದಲೇ ಗುದ್ದುತ್ತಾನೆ. 60ರಲ್ಲಿದ್ದವನೂ ಸುಮಾರು 54ರ ವೇಗದಲ್ಲಿ ಗುದ್ದುತ್ತಾನೆ. ರಸ್ತೆಯ ಗುಂಡಿಗಳಿಗೆ, ದೀಪವಿಲ್ಲದ ತಿರುವುಗಳಿಗೆ ಹೊಣೆಗಾರರು ಬೇರೆ ಇದ್ದಾರೆ, ಅವರನ್ನು ಪ್ರಶ್ನಿಸಲೇಬೇಕು. ಆದರೆ ವೇಗ ಮತ್ತು ಗಮನ ಎಂಬ ಈ ಎರಡು ಸಂಖ್ಯೆಗಳು ಚಾಲಕನದೇ. ಆಯುಧಪೂಜೆಯ ದಿನ ದೃಷ್ಟಿ ತೆಗೆದು ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಬೈಕು ಜಾರಿ ಬಿದ್ದವನ ಗಾಯಕ್ಕೂ ಒಡೆದವರೇ ಹೊಣೆ.

ಉಳಿದ ಶಕ್ತಿ ದೇಹದ ಮೇಲೆರಗುವುದನ್ನು ಮೃದುಗೊಳಿಸುವ ಸಾಧನಗಳು ನಮ್ಮಲ್ಲಿವೆ. 1959ರಲ್ಲಿ ವೋಲ್ವೊ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಆ ಹೊಡೆತವನ್ನು ಎದೆಗೂಡು ಮತ್ತು ಸೊಂಟದ ಗಟ್ಟಿ ಎಲುಬುಗಳಿಗೆ ಹಂಚುತ್ತದೆ. ಹೆಲ್ಮೆಟ್ಟಿನಲ್ಲಿ ಮಿದುಳನ್ನು ಕಾಯುವುದು ಮುಖ್ಯವಾಗಿ ಒಳಗಿನ ಥರ್ಮೊಕೋಲಿನಂಥ ಪದರ: ಅದು ತಾನು ಜಜ್ಜಿಹೋಗುತ್ತಾ ತಲೆ ನಿಲ್ಲುವ ಅವಧಿಯನ್ನು ಹಿಗ್ಗಿಸುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಬೇಕು. ಪೊಲೀಸರನ್ನು ಕಂಡಾಗ ಮಾತ್ರ ತಲೆಗೇರಿಸಿ, ಗಲ್ಲದ ಪಟ್ಟಿ ಬಿಗಿಯದೆ ಬಿಟ್ಟ ಹೆಲ್ಮೆಟ್ಟಾದರೋ, ತಲೆ ನೆಲಕ್ಕೆ ಬಡಿಯುವ ಮೊದಲೇ ಕಳಚಿ ಹೋಗಬಹುದು.